ನಿಂತಲ್ಲೇ ಓಡುವವರ ದಮ್ಮು

ಜುಲೈ ಬಂತೆಂದರೆ ಶಿವಮೊಗ್ಗದಲ್ಲಿ ಬೆಳಗಿನ ಓಟಕ್ಕೆ ಜಾಗವೇ ಸಿಗುವುದಿಲ್ಲ. ನೆಹರೂ ಕ್ರೀಡಾಂಗಣ ಒದ್ದೆ, ರಸ್ತೆಯಂಚು ಕೆಸರು, ಬಿಡದೆ ಹಿಡಿದ ಜಡಿಮಳೆ. ಆಗ ಜಿಮ್‌ಗಳಲ್ಲಿ ಟ್ರೆಡ್‌ಮಿಲ್‌ಗೆ ಬಿಡುವಿರುವುದಿಲ್ಲ. ಇಪ್ಪತ್ತು ಕಿಲೋಮೀಟರ್ ಆಚೆಯ ಭದ್ರಾವತಿಯಲ್ಲೂ ಇದೇ ಕಥೆ. ಎರಡೂ ಊರುಗಳಲ್ಲಿ ಕಾಣಸಿಗುವ ದೃಶ್ಯ ಒಂದಿದೆ. ನಲವತ್ತರ ಆಸುಪಾಸಿನವರೊಬ್ಬರು ಯಂತ್ರ ಹತ್ತುತ್ತಾರೆ. ಒಂದೇ ನಿಮಿಷದಲ್ಲಿ ವೇಗವನ್ನು ಹತ್ತಕ್ಕೆ ಏರಿಸಿ, ಮುಂದಿನ ಕಂಬಿಯನ್ನು ಎರಡೂ ಕೈಗಳಲ್ಲಿ ಬಿಗಿಹಿಡಿದು, ನಾಲ್ಕು ನಿಮಿಷ ಓಡಿ ಏದುಸಿರು ಬಿಡುತ್ತ ಇಳಿಯುತ್ತಾರೆ. ಮೂರು ತಿಂಗಳು ಕಳೆದರೂ ಆ ನಾಲ್ಕು ನಿಮಿಷ ಐದಾಗುವುದಿಲ್ಲ. ಕೊನೆಗೆ, 'ಓಟ ನಮ್ಮಂಥವರಿಗಲ್ಲ ಬಿಡಿ' ಎಂದು ಕೈಚೆಲ್ಲುತ್ತಾರೆ. ತಪ್ಪು ಅವರ ದೇಹದ್ದಲ್ಲ, ಓಡುವ ಕ್ರಮದ್ದು.

ಮೊದಲು ಒಂದು ಅನುಮಾನ ಬಗೆಹರಿಸೋಣ. ಬೆಲ್ಟೇ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವುದರಿಂದ ಟ್ರೆಡ್‌ಮಿಲ್ ಓಟ ನಿಜವಾದ ಓಟವಲ್ಲ ಎಂದು ಹಲವರು ನಂಬಿದ್ದಾರೆ. ಶಿವಮೊಗ್ಗ ನಿಲ್ದಾಣದಿಂದ ಭದ್ರಾವತಿ ಕಡೆಗೆ ರೈಲು ನಿಧಾನವಾಗಿ, ಗಂಟೆಗೆ 8 ಕಿ.ಮೀ. ವೇಗದಲ್ಲಿ ಹೊರಟಿದೆ ಎಂದುಕೊಳ್ಳಿ. ನೀವು ಬೋಗಿಯೊಳಗೆ ಅದೇ ವೇಗದಲ್ಲಿ ಹಿಂದಿನ ತುದಿಯತ್ತ ಓಡುತ್ತಿದ್ದೀರಿ. ಪ್ಲಾಟ್‌ಫಾರಂ ಮೇಲೆ ನಿಂತವರ ಕಣ್ಣಿಗೆ ನೀವು ಇದ್ದಲ್ಲೇ ಇದ್ದೀರಿ. ನಿಮ್ಮ ಕಾಲುಗಳಿಗೆ ಮಾತ್ರ ಅದು ಪೂರ್ತಿ 8 ಕಿ.ಮೀ. ವೇಗದ ಓಟ. ಟ್ರೆಡ್‌ಮಿಲ್ ಎಂದರೆ ತುದಿಯಿಲ್ಲದ ಆ ಬೋಗಿಯೇ. ಬೆಲ್ಟ್ ಒಂದೇ ವೇಗದಲ್ಲಿ ಸಾಗುವವರೆಗೆ ಕಾಲಿನ ಕೆಲಸ ನೆಲದ ಮೇಲಿನಷ್ಟೇ.

ವ್ಯತ್ಯಾಸ ಇರುವುದು ಗಾಳಿಯಲ್ಲಿ. ಬಯಲಲ್ಲಿ ಎದುರು ಗಾಳಿಯನ್ನು ಸೀಳಿಕೊಂಡು ಹೋಗಬೇಕು, ಜಿಮ್‌ನಲ್ಲಿ ಆ ಶ್ರಮವಿಲ್ಲ. ಇದನ್ನು ಸರಿದೂಗಿಸಲು ಶೇ. 1ರ ಏರು ಸಾಕೆಂದು ಬ್ರಿಟನ್ನಿನ ಸಂಶೋಧಕರಾದ ಜೋನ್ಸ್ ಮತ್ತು ಡೌಸ್ಟ್ 1996ರಲ್ಲಿ ತೋರಿಸಿದರು. ಆದರೆ ಅವರು ಪರೀಕ್ಷಿಸಿದ್ದು ಗಂಟೆಗೆ 10.5 ಕಿ.ಮೀ. ಹಾಗೂ ಅದಕ್ಕಿಂತ ಮೇಲಿನ ವೇಗಗಳನ್ನು. ಏಳೆಂಟರಲ್ಲಿ ಓಡುವ ನಮ್ಮಂಥವರು ಆ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ನಮ್ಮನ್ನು ಕಾಡುವುದು ಗಾಳಿಯ ಇನ್ನೊಂದು ಕೊರತೆ. ಓಡುವಾಗ ದೇಹ ವ್ಯಯಿಸುವ ಶಕ್ತಿಯ ಬಹುಪಾಲು ಶಾಖವಾಗುತ್ತದೆ. ಆ ಶಾಖ ಹೊರಬೀಳುವುದು ಹೆಚ್ಚಾಗಿ ಬೆವರು ಆರುವುದರಿಂದ. ಮಲೆನಾಡಿನ ಮಳೆಗಾಲದ ತೇವದಲ್ಲಿ ಒಗೆದ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬೆವರು ಆರುವುದೆಲ್ಲಿ? ದೇಹವನ್ನು ತಂಪಾಗಿಸಲು ಹೃದಯ ಚರ್ಮಕ್ಕೆ ಹೆಚ್ಚುವರಿ ರಕ್ತ ತಳ್ಳಬೇಕಾಗುತ್ತದೆ, ವೇಗ ಬದಲಾಗದಿದ್ದರೂ ನಾಡಿಬಡಿತ ಏರುತ್ತ ಹೋಗುತ್ತದೆ. ಫ್ಯಾನಿನ ಎದುರಿನ ಟ್ರೆಡ್‌ಮಿಲ್ ಹಿಡಿಯುವುದು ಸೋಮಾರಿತನವಲ್ಲ, ಶುದ್ಧ ವಿಜ್ಞಾನ.

ಇನ್ನು ದಮ್ಮಿನ ವಿಷಯ. ಭದ್ರಾವತಿಯವರಿಗೆ ಕುಲುಮೆಯ ಬಗ್ಗೆ ಹೇಳಿಕೊಡಬೇಕಾಗಿಲ್ಲ. 1923ರಲ್ಲಿ ಅಲ್ಲಿನ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು ಮಲೆನಾಡಿನ ಕಾಡಿನ ಮರದಿಂದ ಮಾಡಿದ ಇದ್ದಿಲಿನಲ್ಲಿ. ಇದ್ದಿಲು ಎಷ್ಟು ಸುರಿದರೂ ಗಾಳಿ ಊದದಿದ್ದರೆ ಕುಲುಮೆ ಉರಿಯದು. ನಮ್ಮ ಸ್ನಾಯುಕೋಶಗಳಲ್ಲೂ ಮೈಟೊಕಾಂಡ್ರಿಯ ಎಂಬ ಪುಟ್ಟ ಕುಲುಮೆಗಳಿವೆ. ಕೊಬ್ಬು, ಸಕ್ಕರೆ ಅವುಗಳ ಇಂಧನ. ಊದುವ ಗಾಳಿ ಎಂದರೆ ರಕ್ತ ಹೊತ್ತು ತರುವ ಆಮ್ಲಜನಕ. ಅಮೆರಿಕದ ವಿಜ್ಞಾನಿ ಜಾನ್ ಹಾಲೊಸಿ 1967ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ನೆನೆಯಬೇಕಾದ್ದು. ಅವರು ಇಲಿಗಳನ್ನು ಟ್ರೆಡ್‌ಮಿಲ್ ಮೇಲೆ, ದಿನಗಳೆದಂತೆ ಹೊತ್ತು ಹೆಚ್ಚಿಸುತ್ತ, ವಾರಗಟ್ಟಲೆ ಓಡಿಸಿದರು. ಕೊನೆಯಲ್ಲಿ ಆ ಇಲಿಗಳ ಕಾಲಿನ ಸ್ನಾಯುಗಳಲ್ಲಿ ಇಂಧನ ಉರಿಸುವ ಮೈಟೊಕಾಂಡ್ರಿಯದ ಸಾಮರ್ಥ್ಯ ಸುಮಾರು ಇಮ್ಮಡಿಯಾಗಿತ್ತು. ದಮ್ಮು ಹುಟ್ಟಿನಿಂದ ಬಂದದ್ದಷ್ಟೇ ಅಲ್ಲ, ಕಟ್ಟಿಕೊಳ್ಳಬಹುದಾದದ್ದು ಕೂಡ.

ಈ ಕುಲುಮೆಗಳು ಹೆಚ್ಚಲು ಹೊತ್ತು ಬೇಕು. ನಾಲ್ಕು ನಿಮಿಷದ ಏದುಸಿರಿನ ಓಟ ಅಷ್ಟು ಹೊತ್ತು ಕೊಡುವುದಿಲ್ಲ. ಪಕ್ಕದವರೊಂದಿಗೆ ಪೂರ್ತಿ ವಾಕ್ಯಗಳಲ್ಲಿ ಮಾತಾಡುವಷ್ಟು ನಿಧಾನವಾಗಿ ಮೂವತ್ತು ನಿಮಿಷ ಓಡಿದರೆ ಅದು ಸಿಗುತ್ತದೆ. ಓಡಿದರೆ ಮಾತು ತುಂಡಾಗುತ್ತದೆಯೇ? ಎರಡು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ. ವಾರಕ್ಕೆ ಮೂರು ದಿನ ಸಾಕು. ವಾರವಾರವೂ ಓಟದ ಪಾಲನ್ನು ಸ್ವಲ್ಪ ಹಿಗ್ಗಿಸಿ, ವೇಗ ಮುಟ್ಟಬೇಡಿ. ಹೃದಯ, ರಕ್ತ ಬೇಗ ಹೊಂದಿಕೊಳ್ಳುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ದಮ್ಮು ಬಂತೆಂದು ಹುರುಪಿನಲ್ಲಿ ವೇಗ ಏರಿಸಿದವರಿಗೆ ಹಿಮ್ಮಡಿ, ಮಂಡಿ ನೋವು ಬರುವುದು ಇದೇ ಅಂತರದಿಂದ. ಅರ್ಧ ಗಂಟೆ ನಿಲ್ಲದೆ ಓಡುವಂತಾದ ಮೇಲೆ ವಾರಕ್ಕೊಂದು ದಿನ ಮಾತ್ರ, ಒಂದೊಂದು ನಿಮಿಷದ ಐದಾರು ಬಿರುಸಿನ ಓಟಗಳನ್ನು ನಡುವೆ ನಡಿಗೆ ಇಟ್ಟು ಸೇರಿಸಿಕೊಳ್ಳಿ.

ಮಂಡಿಗೆ ಓಟ ಸರಿಹೋಗದವರಿಗೆ ಯಂತ್ರದ ಇನ್ನೊಂದು ಗುಂಡಿ ಇದೆ: ಏರು. ಶೇ. 10ರ ಏರು ಎಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಹತ್ತು ಮೀಟರ್ ಮೇಲೇರಿದಂತೆ. ವ್ಯಾಯಾಮ ತಜ್ಞರು ಬಳಸುವ ಸೂತ್ರ ಹಿಡಿದು ಲೆಕ್ಕ ಹಾಕಿದರೆ, ಇಂಥ ಏರಿನಲ್ಲಿ ಗಂಟೆಗೆ 5 ಕಿ.ಮೀ. ನಡೆಯಲು ದೇಹದ ಪ್ರತಿ ಕೆ.ಜಿ. ತೂಕಕ್ಕೆ ನಿಮಿಷಕ್ಕೆ ಸುಮಾರು 27 ಮಿಲಿಲೀಟರ್ ಆಮ್ಲಜನಕ ಬೇಕು. ಸಮತಟ್ಟಿನಲ್ಲಿ 7 ಕಿ.ಮೀ. ವೇಗದಲ್ಲಿ ಓಡಲೂ ಅಷ್ಟೇ ಬೇಕು. ಹೃದಯಕ್ಕೆ ಓಟದ ಕೆಲಸ, ಕೀಲುಗಳಿಗೆ ನಡಿಗೆಯ ಹೊರೆ. ಆದರೆ ಕಂಬಿ ಹಿಡಿದಿರೋ, ಲೆಕ್ಕವೆಲ್ಲ ತಪ್ಪುತ್ತದೆ. ತೋಳು ಮೈಭಾರ ಹೊತ್ತಷ್ಟು ಕಾಲಿನ ಕೆಲಸ ಕಡಿಮೆ. ಪರದೆ ಮೇಲಿನ ಕ್ಯಾಲೊರಿ ಲೆಕ್ಕಕ್ಕೆ ಗೊತ್ತಿರುವುದು ವೇಗ, ಏರು, ತೂಕ ಮಾತ್ರ. ನಿಮ್ಮ ಕೈ ಎಲ್ಲಿದೆ ಎಂಬುದು ಅದಕ್ಕೆ ತಿಳಿಯದು. ಹಿಡಿಯದೆ ನಡೆಯಲಾಗದಿದ್ದರೆ ಏರು ಇಳಿಸಿ.

ಟ್ರೆಡ್‌ಮಿಲ್‌ನ ನಿಜವಾದ ಬಲ ಇರುವುದು ಅಳತೆಯಲ್ಲಿ. ಅದಕ್ಕೇ ಹೃದ್ರೋಗ ತಜ್ಞರು ಟಿಎಂಟಿ (ಟ್ರೆಡ್‌ಮಿಲ್ ಟೆಸ್ಟ್) ಪರೀಕ್ಷೆಗೆ ಇದೇ ಯಂತ್ರ ಹತ್ತಿಸುತ್ತಾರೆ. ಅಮೆರಿಕದ ಹೃದ್ರೋಗ ತಜ್ಞ ರಾಬರ್ಟ್ ಬ್ರೂಸ್ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಆ ಪರೀಕ್ಷೆ ಶುರುವಾಗುವುದೇ ಗಂಟೆಗೆ 2.7 ಕಿ.ಮೀ. ವೇಗದಲ್ಲಿ, ಶೇ. 10ರ ಏರಿನಲ್ಲಿ, ಮೂರು ನಿಮಿಷಕ್ಕೊಮ್ಮೆ ಎರಡೂ ಹೆಚ್ಚುತ್ತವೆ. ನೀವೂ ಒಂದು ಸರಳ ಅಳತೆ ಇಟ್ಟುಕೊಳ್ಳಬಹುದು. ಎರಡು ವಾರಕ್ಕೊಮ್ಮೆ, ಅದೇ ಹೊತ್ತಿನಲ್ಲಿ, ಅದೇ ಯಂತ್ರದ ಮೇಲೆ, ಆರಾಮವೆನಿಸುವ ಒಂದೇ ವೇಗದಲ್ಲಿ ಹತ್ತು ನಿಮಿಷ ಸಾಗಿ. ನಿಂತ ತಕ್ಷಣ ಮಣಿಕಟ್ಟಿನ ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ ಬರೆದಿಡಿ. ಅದೇ ವೇಗಕ್ಕೆ ಬಡಿತ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದ್ದರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತಿದೆ ಎಂದರ್ಥ.

ಬಿಪಿ, ಸಕ್ಕರೆ ಕಾಯಿಲೆ ಇರುವವರು, ನಡೆಯುವಾಗ ಎದೆ ಬಿಗಿದ ಅನುಭವವಾದವರು ವೈದ್ಯರನ್ನು ಕಂಡೇ ಆರಂಭಿಸಬೇಕು. ಓಡುವಾಗ ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ. ಉಳಿದವರು ನಾಳೆ ಯಂತ್ರ ಹತ್ತಿದಾಗ ಇಂದಿನ ವೇಗಕ್ಕಿಂತ ಎರಡು ಕಿ.ಮೀ. ಕಡಿಮೆ ಮಾಡಿ, ಕಂಬಿಯಿಂದ ಕೈ ತೆಗೆದು, ನಾಲ್ಕು ನಿಮಿಷ ದಾಟಿ ನೋಡಿ.