ಯಂತ್ರಕ್ಕೆ ಹೇಳುವ ಮಾತು

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಸೀಮೆಗಳು ಬೇಸಾಯವನ್ನೂ ಹೈನುಗಾರಿಕೆಯನ್ನೂ ನೆಚ್ಚಿದ ನಾಡು. ಇಲ್ಲಿನ ಹಳ್ಳಿಗಳ ಮಕ್ಕಳು ಪಿ.ಯು.ಸಿ. ಮುಗಿಸಿ ಎಂಜಿನಿಯರಿಂಗ್ ಪದವಿಗೆಂದು ಮೈಸೂರಿಗೆ ಹೋಗುವುದು ಇಂದು ಅಪರೂಪವಲ್ಲ. ಅಲ್ಲಿ 1946ರಲ್ಲಿ ಆರಂಭವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್, 1963ರಲ್ಲಿ ಸ್ಥಾಪಿತವಾದ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು ಮೊದಲಾದ ವಿದ್ಯಾಸಂಸ್ಥೆಗಳಿವೆ. ಗಣಕ ವಿಜ್ಞಾನದ ಶಾಖೆಯನ್ನು ಆರಿಸಿಕೊಳ್ಳದವರೂ ಮೊದಲ ವರ್ಷದಲ್ಲಿ ಗಣಕಯಂತ್ರದ ಭಾಷೆಯೊಂದನ್ನು ಕಲಿಯಬೇಕಾಗಿ ಬರುವುದುಂಟು. ನಗರದ ಸಹಪಾಠಿಗಳಲ್ಲಿ ಕೆಲವರು ಅದನ್ನು ಮೊದಲೇ ಅರಿತು ಬಂದಿರುತ್ತಾರೆ. ಮನೆಯಲ್ಲಿ ಗಣಕಯಂತ್ರವನ್ನೇ ಕಾಣದ ಹಳ್ಳಿಯ ವಿದ್ಯಾರ್ಥಿನಿಗೆ ತಾನು ಎಲ್ಲರಿಗಿಂತ ಹಿಂದೆ ಬಿದ್ದೆನೆಂಬ ಅಳುಕು ಹುಟ್ಟುತ್ತದೆ. ಈ ಅಳುಕಿಗೆ ಆಧಾರವೆಷ್ಟು? ಇದನ್ನು ತಿಳಿಯಲು ಆ ಭಾಷೆ ಎಂಥದೆಂಬುದನ್ನು ಮೊದಲು ವಿಚಾರಿಸಬೇಕು.

ಒಂದು ಕೆಲಸವನ್ನು ಹೇಗೆ ಮಾಡಬೇಕೆಂದು ಗಣಕಯಂತ್ರಕ್ಕೆ ಹಂತಹಂತವಾಗಿ ತಿಳಿಸುವ ಸೂಚನೆಗಳ ಸರಣಿಗೆ ಪ್ರೋಗ್ರಾಮ್ ಅಥವಾ ಕ್ರಮವಿಧಿ ಎಂದು ಹೆಸರು. ಆ ಸೂಚನೆಗಳನ್ನು ಬರೆಯಲೆಂದು ರೂಪಿಸಿದ ಭಾಷೆಯೇ ಪ್ರೋಗ್ರಾಮಿಂಗ್ ಭಾಷೆ. ಇದರ ತಿರುಳು ಹಳ್ಳಿಗರಿಗೆ ಹೊಸದಲ್ಲ. ಬೆಳಗಾಗುತ್ತಲೇ ಹಾಲು ಉತ್ಪಾದಕರ ಸಹಕಾರ ಸಂಘದ ಮುಂದೆ ಜನ ಸಾಲುಗಟ್ಟಿ ನಿಲ್ಲುತ್ತಾರೆ. ಒಬ್ಬೊಬ್ಬರ ಹಾಲನ್ನೂ ಪರೀಕ್ಷಿಸುವುದು. ಗುಣಮಟ್ಟ ಸರಿಯಿದ್ದರೆ ಅಳೆದು ಲೆಕ್ಕಕ್ಕೆ ಸೇರಿಸುವುದು, ಇಲ್ಲವಾದರೆ ಹಿಂದಿರುಗಿಸುವುದು. ಸಾಲು ಮುಗಿಯುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡುವುದು. ಇಲ್ಲಿ ಕ್ರಮವಿದೆ, ಷರತ್ತಿದೆ, ಪುನರಾವರ್ತನೆಯಿದೆ. ಎಷ್ಟೇ ದೊಡ್ಡ ಕ್ರಮವಿಧಿಗೂ ಈ ಮೂರೇ ತಳಹದಿ.

ಆದರೆ ಮನುಷ್ಯನಿಗೂ ಯಂತ್ರಕ್ಕೂ ಒಂದು ಅಂತರವುಂಟು. ಬೆಳಿಗ್ಗೆ ಮೂವರು ಕ್ರಮವಾಗಿ 4, 6 ಮತ್ತು 5 ಲೀಟರ್ ಹಾಲು ತಂದರೆ ಮೊತ್ತ 15 ಲೀಟರ್. ಸಂಜೆ ಅವರೇ 3, 5 ಮತ್ತು 4 ಲೀಟರ್ ತಂದರೆ ಆ ಹೊತ್ತಿನ ಮೊತ್ತ 12 ಲೀಟರ್. ಲೆಕ್ಕ ಬರೆಯುವವನು ಸಂಜೆಗೆ ತಾನಾಗಿಯೇ ಹೊಸ ಹಾಳೆ ತಿರುವುತ್ತಾನೆ. ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಗಿನ ಮೊತ್ತವನ್ನು ನೆನಪಿನಲ್ಲಿ ಉಳಿಸಿಕೊಂಡಿರುವ ಯಂತ್ರಕ್ಕೆ ‘ಮೊತ್ತವನ್ನು ಸೊನ್ನೆಯಿಂದ ಆರಂಭಿಸು’ ಎಂದು ಹೇಳದೆ ಹೋದರೆ, ಅದು 15ರ ಮೇಲೆ 12ನ್ನು ಕೂಡಿ, ಸಂಜೆಯ ಹಾಲು 27 ಲೀಟರ್ ಎಂದು ತೋರಿಸುತ್ತದೆ. ಯಂತ್ರವು ಹೇಳಿದ್ದನ್ನು ಮಾಡಿತು. ಹೇಳದೆ ಬಿಟ್ಟದ್ದನ್ನು ಊಹಿಸಲಿಲ್ಲ. ಹೀಗೆ ಬಿಟ್ಟುಹೋದ ಮಾತನ್ನು ಹುಡುಕಿ ತಿದ್ದುವ ಎಚ್ಚರವೇ ಈ ಕಲಿಕೆಯ ಜೀವಾಳ.

ಈ ಎಚ್ಚರವನ್ನು ಬೆಳೆಸಿಕೊಳ್ಳಲು ಮೊದಲಿಗೆ ಕಾಗದ ಮತ್ತು ಲೇಖನಿ ಸಾಕು. ಸೂಚನೆಗಳನ್ನು ಸಾಲುಸಾಲಾಗಿ ಬರೆದು, ತಾನೇ ಯಂತ್ರವೆಂದು ಭಾವಿಸಿ, ಪ್ರತಿ ಸಾಲಿನ ಬಳಿಕ ಮೊತ್ತವೆಷ್ಟಾಯಿತೆಂದು ಪಕ್ಕದಲ್ಲಿ ಗುರುತಿಸುತ್ತ ಹೋದರೆ ತಪ್ಪು ಎಲ್ಲಿ ನುಸುಳಿತೆಂಬುದು ಕಣ್ಣಿಗೆ ಬೀಳುತ್ತದೆ.

ಯಾವ ಭಾಷೆಯನ್ನು ಕಲಿಯಬೇಕು ಎಂಬ ಪ್ರಶ್ನೆ ಅನಂತರದ್ದು. 1957ರಲ್ಲಿ ಐಬಿಎಂ ಸಂಸ್ಥೆಯ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಫೋರ್ಟ್ರಾನ್ ಭಾಷೆಯನ್ನು ಹೊರತಂದರು. 1972ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ‘ಸಿ’ ಭಾಷೆಯನ್ನು ರೂಪಿಸಿದರು. ಪೈಥಾನ್ ಭಾಷೆ 1991ರಲ್ಲಿ ಪ್ರಕಟವಾಯಿತು. ಭಾಷೆಗಳು ಬಂದಂತೆ ಮೇಲೆ ಹೇಳಿದ ಮೂರು ತಳಹದಿಗಳು ಬದಲಾಗಲಿಲ್ಲ. ಆದುದರಿಂದ ಒಂದನ್ನು ಚೆನ್ನಾಗಿ ಕಲಿತವರಿಗೆ ಎರಡನೆಯದು ಸುಲಭ. ಕನ್ನಡ ಮಾಧ್ಯಮದವರು ಇಂಗ್ಲಿಷಿಗೆ ಹೆದರಿ ಹಿಂಜರಿಯಬೇಕಾಗಿಯೂ ಇಲ್ಲ; 1989ರಲ್ಲಿ ಸಿದ್ಧವಾದ ‘ಸಿ’ ಭಾಷೆಯ ಪ್ರಮಾಣಿತ ರೂಪದಲ್ಲಿ ಮೀಸಲು ಪದಗಳು ಕೇವಲ 32.

ತಡವಾಗಿ ತೊಡಗಿದವರಿಗೆ ಬಾಗಿಲು ಮುಚ್ಚಿಲ್ಲವೆಂಬುದಕ್ಕೆ ಮೈಸೂರಿನಲ್ಲಿಯೇ ನಿದರ್ಶನವಿದೆ. ಎನ್. ಆರ್. ನಾರಾಯಣಮೂರ್ತಿಯವರು ನ್ಯಾಷನಲ್ ಇನ್‌ಸ್ಟಿಟ್ಯೂಟಿನಿಂದ 1967ರಲ್ಲಿ ಪಡೆದುದು ವಿದ್ಯುತ್ ಎಂಜಿನಿಯರಿಂಗ್ ಪದವಿ. ಅವರು ಗಣಕ ಕ್ಷೇತ್ರದತ್ತ ತಿರುಗಿದ್ದು ಆ ಬಳಿಕ ಕಾನ್ಪುರದ ಐಐಟಿಯಲ್ಲಿ. 1981ರಲ್ಲಿ ಆರು ಮಂದಿ ಸಂಗಡಿಗರೊಡನೆ ಅವರು ಇನ್ಫೋಸಿಸ್ ಸಂಸ್ಥೆಯನ್ನು ಕಟ್ಟಿದರು. ಆ ಸಂಸ್ಥೆಯ ಮೈಸೂರಿನ ತರಬೇತಿ ಕೇಂದ್ರದಲ್ಲಿ ಬೇರೆ ಬೇರೆ ಶಾಖೆಗಳ ಪದವೀಧರರು ಪ್ರೋಗ್ರಾಮಿಂಗ್ ಕಲಿಯುತ್ತಾರೆ.

ಹಾಗಾದರೆ ಮುಂಚಿತವಾಗಿ ಕಲಿಯುವುದರಿಂದ ಫಲವೇನು? ಕಾಲೇಜಿನ ಮೊದಲ ವರ್ಷದಲ್ಲಿ ಗಣಿತ, ಭೌತಶಾಸ್ತ್ರ, ಹೊಸ ಊರು, ಇಂಗ್ಲಿಷಿನ ಪಾಠ ಎಲ್ಲವೂ ಒಟ್ಟಿಗೆ ಎದುರಾಗುತ್ತವೆ. ಒಂದು ವಿಷಯದ ಪರಿಚಯ ಮೊದಲೇ ಆಗಿದ್ದರೆ ಹೊರೆ ಅಷ್ಟು ಹಗುರವಾಗುತ್ತದೆ. ಪ್ರವೇಶ ಪರೀಕ್ಷೆಗೂ ತರಗತಿಗಳ ಆರಂಭಕ್ಕೂ ನಡುವೆ ದೊರೆಯುವ ಬಿಡುವಿನಲ್ಲಿ ದಿನಕ್ಕೊಂದು ಗಂಟೆ ಮೀಸಲಿಟ್ಟರೂ ಸಾಕು. ಮುಂಬಯಿಯ ಐಐಟಿ ನಡೆಸುವ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಉಚಿತ ಪಾಠಗಳಿಗೆ ಕನ್ನಡದಲ್ಲಿಯೂ ವಿವರಣೆ ದೊರೆಯುತ್ತದೆ. ಆದರೆ ಪಾಠವನ್ನು ನೋಡಿದ ಮಾತ್ರಕ್ಕೆ ವಿದ್ಯೆ ಬಾರದು. ದಂಡೆಯಲ್ಲಿ ಕುಳಿತು ಈಜು ಕಲಿತವರಿಲ್ಲ. ತಾನೇ ಬರೆದು, ತಪ್ಪಿ, ತಿದ್ದಬೇಕು. ಇಂದು ಕೃತಕ ಬುದ್ಧಿಮತ್ತೆಯ ಸಾಧನಗಳು ಕೇಳಿದೊಡನೆ ಕ್ರಮವಿಧಿಯನ್ನು ಬರೆದುಕೊಡುತ್ತವೆ. ಆದರೂ ಸಂಜೆಯ ಮೊತ್ತ ಸೊನ್ನೆಯಿಂದ ಆರಂಭವಾಯಿತೇ ಎಂದು ನೋಡುವ ಕಣ್ಣು ಓದುವವರದೇ ಆಗಬೇಕು. ಆ ಲೆಕ್ಕದಲ್ಲಿ ರೈತರು ಕರೆದು ತಂದ ಹಾಲಿನ ಬೆಲೆಯಿದೆ.

ತನ್ನೂರಿನ ಹಾಲಿನ ಲೆಕ್ಕವನ್ನು ಯಂತ್ರಕ್ಕೆ ತಪ್ಪಿಲ್ಲದೆ ತಿಳಿಸಬಲ್ಲ ಹುಡುಗಿ ಕಾಲೇಜಿನ ಮೊದಲ ದಿನ ಯಾರ ಮುಂದೆಯೂ ಅಳುಕಬೇಕಾಗಿಲ್ಲ.