ತಾರಸಿಯ ಡಿಶ್ಶಿಗೆ ಮಳೆಯಿಂದ ರಕ್ಷಣೆ

ಬೆಂಗಳೂರಿನ ಮಳೆಗೆ ಎರಡು ಸರದಿಗಳುಂಟು. ಮೊದಲನೆಯದು ಭರಣಿ ಕೃತ್ತಿಕೆಗಳ ಗುಡುಗು ಮಿಂಚಿನ ಆರ್ಭಟ. ಎರಡನೆಯದು ಉತ್ತರೆ, ಹಸ್ತ, ಚಿತ್ತೆಗಳ ಜಡಿಮಳೆ. ವರ್ಷಕ್ಕೆ ಒಂದು ಮೀಟರಿಗಿಂತ ತುಸು ಕಡಮೆ ಬೀಳುವ ಈ ನೀರು ಕೆರೆ ಬಾವಿಗಳಿಗೆ ಎಷ್ಟು ಹಿತವೋ, ಮನೆಯ ತಾರಸಿಯ ಮೇಲಿನ ಡಿಶ್ಶಿಗೆ ಅಷ್ಟೇ ಅಹಿತ. ಮತ್ತಿಕೆರೆಯಂತಹ ಬಡಾವಣೆಯಲ್ಲಿ ಮನೆಗೆ ಮನೆ ಅಂಟಿಕೊಂಡಿದೆ. ಒಂದೊಂದು ತಾರಸಿಯಲ್ಲಿಯೂ ಹಲವು ಡಿಶ್ಶುಗಳು ಆಕಾಶದತ್ತ ಮುಖ ಮಾಡಿ ನಿಂತಿವೆ. ಸಂಜೆ ಮೋಡ ಕವಿದೊಡನೆ “ಚಿತ್ರ ಹೋಯಿತು!” ಎಂಬ ಉದ್ಗಾರ ಒಂದು ಮನೆಯಿಂದ ಇನ್ನೊಂದು ಮನೆಗೆ ಕೇಳಿಬರುವುದು ಅಲ್ಲಿ ಹೊಸ ಸಂಗತಿಯೇನಲ್ಲ.

ಉಪಗ್ರಹದ ಟೆಲಿವಿಷನ್ನಿಗೂ ಕನ್ನಡ ನಾಡಿಗೂ ಹಳೆಯ ನಂಟಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅಮೆರಿಕದ ಉಪಗ್ರಹವೊಂದರ ಮೂಲಕ ಕಾರ್ಯಕ್ರಮಗಳನ್ನು ಕಂಡವು. ರಾಯಚೂರು, ಗುಲ್ಬರ್ಗ, ವಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಅಂದು ಕೋಳಿಗೂಡಿನ ತಂತಿಬಲೆಯಂತಹ ಜಾಲರಿಯಿಂದ ಮಾಡಿದ, ಹತ್ತು ಅಡಿ ಅಗಲದ ಡಿಶ್ಶು ಬೇಕಾಗಿತ್ತು. ಇಂದು ಎರಡು ಅಡಿಯದು ಸಾಕು. ಉಪಗ್ರಹವಾದರೋ ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ನಿಂತಂತೆ ತೋರುತ್ತದೆ. ಇಸ್ರೋದ ಇಂತಹ ಉಪಗ್ರಹಗಳ ಯೋಗಕ್ಷೇಮವನ್ನು ನಮ್ಮ ಹಾಸನದ ನಿಯಂತ್ರಣ ಕೇಂದ್ರವೇ ನೋಡಿಕೊಳ್ಳುತ್ತದೆ. ಅಷ್ಟು ದೂರ ಕ್ಷೇಮವಾಗಿ ಬಂದ ಅಲೆಯು ನಮ್ಮ ತಾರಸಿಯಿಂದ ನಡುಮನೆಯವರೆಗಿನ ನಾಲ್ಕಾರು ಮಾರು ತಂತಿಯಲ್ಲಿ ಕೆಡುವುದೇಕೆ?

ಇಲ್ಲಿ ಎರಡು ವಿಧದ ತೊಂದರೆಗಳನ್ನು ಬೇರ್ಪಡಿಸಿ ತಿಳಿಯಬೇಕು. ಮನೆಯ ಡಿಶ್ಶು ಹಿಡಿಯುವ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಟ್ಟ ಮಳೆಯ ಹನಿಗಳು ಇಂತಹ ಅಲೆಯನ್ನು ಹೀರಿ, ಚೆದರಿಸಿಬಿಡುತ್ತವೆ. ಮಳೆ ತಗ್ಗಿದೊಡನೆ ಚಿತ್ರ ತಾನಾಗಿ ಮರಳಿದರೆ ದುರಸ್ತಿ ಮಾಡತಕ್ಕದ್ದು ಏನೂ ಇಲ್ಲ. ಆದರೆ ಮಳೆ ನಿಂತು ಗಂಟೆಗಟ್ಟಲೆಯಾದರೂ ಚಿತ್ರ ಬಾರದಿದ್ದರೆ, ಅಥವಾ ಮರುದಿನ ಬಿಸಿಲು ಕಾಯ್ದ ಮೇಲೆಯೇ ಬಂದರೆ, ತಂತಿಯ ಜೋಡಣೆಯೊಳಗೆ ನೀರು ಸೇರಿದೆಯೆಂಬ ಶಂಕೆ ಬಲವಾಗುತ್ತದೆ.

ಡಿಶ್ಶಿನ ಎದುರಿಗಿರುವ ಎಲ್‌ಎನ್‌ಬಿ ಎಂಬ ಸಾಧನಕ್ಕೆ ಪೆಟ್ಟಿಗೆಯಿಂದ 13 ಅಥವಾ 18 ವೋಲ್ಟ್ ವಿದ್ಯುತ್ತು ಅದೇ ತಂತಿಯ ಮೂಲಕ ಹೋಗುತ್ತಿರುತ್ತದೆ. ಜೋಡಣೆಯಲ್ಲಿ ನೀರು ನಿಂತರೆ, ಈ ವಿದ್ಯುತ್ತಿನ ನೆರವಿನಿಂದ ತಾಮ್ರ ಬೇಗ ಕಿಲುಬುಗಟ್ಟುತ್ತದೆ. ಅಷ್ಟೇ ಅಲ್ಲ, ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ತಂತಿಯೊಳಗಿನ ಹೆಣಿಗೆಯು ನೀರನ್ನು ಹೀರಿ ಮನೆಯೊಳಗಣ ಪೆಟ್ಟಿಗೆಯವರೆಗೂ ತರಬಲ್ಲದು.

ಪರಿಹಾರ ಕಷ್ಟದ್ದಲ್ಲ. ಮೊದಲು ಪೆಟ್ಟಿಗೆಯ ಪ್ಲಗ್ಗನ್ನು ಕಿತ್ತಿಡಬೇಕು. ಕಿಲುಬು ಹಿಡಿದ ತಂತಿಯನ್ನು ಒಳ್ಳೆಯ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ಕನೆಕ್ಟರ್ ಹಾಕಿಸಬೇಕು. ಅದರ ಮೇಲೆ, ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು, ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಮಂಗಳೂರು ಹೆಂಚು ಹೊದಿಸುವವರು ಕೆಳಗಿನ ಸಾಲಿನಿಂದ ಆರಂಭಿಸುವುದೇಕೆ? ಮೇಲಿನ ಹೆಂಚು ಕೆಳಗಿನದರ ಅಂಚನ್ನು ಮುಚ್ಚಿ ನೀರನ್ನು ಹೊರಗೆ ಹರಿಸಲಿ ಎಂದು. ಇಲ್ಲಿಯೂ ಅದೇ ನ್ಯಾಯ. ವಿದ್ಯುತ್ ಕೆಲಸದವರ ಸಾಧಾರಣ ಟೇಪೊಂದನ್ನೇ ನೆಚ್ಚಿದರೆ, ಬಿಸಿಲಿಗೆ ಅದರ ಅಂಟು ಕರಗಿ ಸುರುಳಿ ಬಿಚ್ಚಿಕೊಳ್ಳುತ್ತದೆ. ರಬ್ಬರಿನ ಮೇಲೆ ಬಿಸಿಲಿನ ಹೊದಿಕೆಯಾಗಿ ಅದು ಸಲ್ಲುತ್ತದೆ. ಹುಳಿವಾಸನೆ ಬೀರುವ ಸಿಲಿಕೋನ್ ಅಂಟು ತಾಮ್ರವನ್ನು ತಿನ್ನುವುದರಿಂದ ಅದನ್ನು ಜೋಡಣೆಗೆ ಹಚ್ಚಬಾರದು.

ತಂತಿಯು ಗೋಡೆಯ ರಂಧ್ರವನ್ನು ಹೊಗುವ ಮುನ್ನ ಜೋಕಾಲಿಯ ಹಗ್ಗದಂತೆ ಒಂದು ಬಾಗು ಇಳಿಬಿಡಬೇಕು. ಆಗ ತಂತಿಯ ಮೇಲೆ ಹರಿದು ಬಂದ ನೀರು ಆ ಬಾಗಿನ ತಳದಲ್ಲಿ ತೊಟ್ಟಿಕ್ಕುತ್ತದೆ, ಗೋಡೆಯೊಳಕ್ಕೆ ಬಾರದು. ರಂಧ್ರವೂ ಹೊರಮುಖವಾಗಿ ಇಳಿಜಾರಾಗಿರಲಿ. ಹೊರಗಡೆಗೆ ಬಿಸಿಲು ತಾಳುವ ಕರಿಯ ತಂತಿಯೇ ಲೇಸು.

ಇಷ್ಟು ಚಿತ್ರದ ಮಾತಾಯಿತು. ಇನ್ನು ಪ್ರಾಣದ ಮಾತು. ಚಿತ್ರ ಹೋಯಿತೆಂದು ಮಳೆಯಲ್ಲಿಯೇ ತಾರಸಿಗೆ ಓಡಿ ಡಿಶ್ಶನ್ನು ತಿರುಗಿಸುವ ಚಪಲ ಹುಡುಗರಿಗೆ ಮಾತ್ರವಲ್ಲ, ಹಿರಿಯರಿಗೂ ಉಂಟು. ಧಾರಾವಾಹಿಯ ಒಂದು ಕಂತಿಗಾಗಿ ಪಾಚಿಗಟ್ಟಿದ ನೆಲದಲ್ಲಿ ಜಾರುವುದಾಗಲಿ, ಸಿಡಿಲಿನ ಹೊತ್ತಿನಲ್ಲಿ ಕಬ್ಬಿಣದ ಕಂಬವನ್ನು ಹಿಡಿಯುವುದಾಗಲಿ ತರವಲ್ಲ. ಇಕ್ಕಟ್ಟಾದ ಬೀದಿಗಳಲ್ಲಿ ವಿದ್ಯುತ್ ತಂತಿಗಳು ತಾರಸಿಯ ಸಮೀಪದಲ್ಲಿಯೇ ಹಾದಿರುತ್ತವೆ. ಡಿಶ್ಶಿನ ಕಂಬವನ್ನು, ಅದು ಉರುಳಿಬಿದ್ದರೂ ಆ ತಂತಿಗಳಿಗೆ ತಾಗದಷ್ಟು ದೂರದಲ್ಲಿ ನೆಡಿಸಬೇಕು. ಬಲ್ಲ ಎಲೆಕ್ಟ್ರಿಷಿಯನ್ನರಿಂದ ಕಂಬಕ್ಕೆ ಭೂಸಂಪರ್ಕ ಕೊಡಿಸುವುದು ಅವಶ್ಯ. ಆದರೂ ನೇರವಾಗಿ ಎರಗುವ ಸಿಡಿಲನ್ನು ತಡೆಯಲು ಅದೊಂದೇ ಸಾಲದು. ಆದುದರಿಂದ ಗುಡುಗು ದೂರದಲ್ಲಿರುವಾಗಲೇ ಪೆಟ್ಟಿಗೆಯ ಪ್ಲಗ್ಗನ್ನೂ ಡಿಶ್ಶಿನ ತಂತಿಯನ್ನೂ ಬಿಡಿಸಿಡುವುದು ಮೇಲು. ಸಿಡಿಲು ಸಮೀಪಿಸಿದ ಮೇಲೆ ಅವುಗಳನ್ನು ಮುಟ್ಟಬಾರದು.

ಯುಗಾದಿಗೆ ಮನೆ ಗುಡಿಸಿ ಸಾರಿಸುವ ಪದ್ಧತಿ ನಮ್ಮಲ್ಲಿದೆ. ಗೌರಿ–ಗಣೇಶನ ಹಬ್ಬಕ್ಕೂ ಮನೆ ಚೊಕ್ಕಟಗೊಳ್ಳುತ್ತದೆ. ಒಂದು ಮೊದಲ ಸರದಿಯ ಮಳೆಗೆ ಮುನ್ನ, ಇನ್ನೊಂದು ಜಡಿಮಳೆಯ ಹೊಸ್ತಿಲಲ್ಲಿ ಬರುತ್ತದೆ. ಆ ಎರಡು ಸಂದರ್ಭಗಳಲ್ಲಿ, ಒಣಹವೆಯ ಒಂದು ಬೆಳಗ್ಗೆ, ತಾರಸಿಯ ಡಿಶ್ಶಿನ ಬೋಲ್ಟು, ಟೇಪು, ತಂತಿಗಳನ್ನು ಒಮ್ಮೆ ನೋಡಿಸಿಬಿಟ್ಟರೆ, ಮಳೆಗಾಲದ ಸಂಜೆಗಳಲ್ಲಿ ಮನೆಮಂದಿ ಯಾರೂ ಮೆಟ್ಟಿಲು ಹತ್ತಬೇಕಾಗುವುದಿಲ್ಲ.