ಗಾಲಿಯ ಮೇಲೆ ಮನೆ, ದಾರಿಯಲ್ಲಿ ನೆಂಟರು

ಮಲಗಲು ಮಂಚ, ಅಡುಗೆಗೆ ಒಲೆ, ಸ್ನಾನ ಶೌಚಕ್ಕೆ ಪುಟ್ಟ ಕೋಣೆ. ಇಷ್ಟನ್ನೂ ಹೊತ್ತು ರಸ್ತೆಯಲ್ಲಿ ಓಡುವ ವಾಹನಕ್ಕೆ ಮೋಟಾರ್ ಹೋಮ್ ಎನ್ನುತ್ತಾರೆ. ವಿದೇಶಗಳಲ್ಲಿ ಕುಟುಂಬಗಳು ಇದರಲ್ಲಿ ವಾರಗಟ್ಟಲೆ ಸುತ್ತುತ್ತವೆ. ನೆರೆಯ ಕೇರಳ ಸರಕಾರವು 2021ರಲ್ಲಿ ಇದಕ್ಕಾಗಿಯೇ ಪ್ರವಾಸ ಯೋಜನೆಯೊಂದನ್ನು ಪ್ರಕಟಿಸಿತು. ಇದರ ಇನ್ನೊಂದು ಹೆಸರು ಕ್ಯಾರವಾನ್. ಪಾರ್ಸಿಯ ‘ಕಾರವಾನ್’ ಪದದಿಂದ ಬಂದದ್ದು. ಮೂಲದಲ್ಲಿ ಅದು ವಾಹನದ ಹೆಸರಲ್ಲ, ಜೊತೆಗೂಡಿ ಪ್ರಯಾಣಿಸುವ ಜನರ ತಂಡದ ಹೆಸರು.

ಯಾದಗಿರಿ ಜಿಲ್ಲೆಯ ಗುರುಮಠಕಲ್‌ನಲ್ಲಿ ಇಂತಹ ವಾಹನ ಅಪರೂಪ. ಆದರೆ ಮನೆಯನ್ನೇ ಗಾಡಿಗೆ ಹೇರಿಕೊಂಡು ಹೊರಡುವುದು ಇಲ್ಲಿಯವರಿಗೆ ಹೊಸದಲ್ಲ. ಮದುವೆಗೋ ಪ್ರವಾಸಕ್ಕೋ ಒಂದು ಕ್ರೂಸರ್ ಗೊತ್ತು ಮಾಡಿ, ಪಾತ್ರೆ, ಅಕ್ಕಿ, ಗ್ಯಾಸ್ ಒಲೆ, ಚಾಪೆ ತುಂಬಿಕೊಂಡರೆ ಮುಗಿಯಿತು. ಮರದ ನೆರಳು ಕಂಡಲ್ಲಿ ಅಡುಗೆಮನೆ, ಚಾಪೆ ಹಾಸಿದಲ್ಲಿ ನಮಾಝ್.

ಈ ಮನೆಯಲ್ಲಿ ಎಲ್ಲವೂ ಇರುವುದಿಲ್ಲ. ನೀರು ಮುಗಿಯುತ್ತದೆ, ಉಪ್ಪು ಮರೆತಿರುತ್ತದೆ, ಮಗುವಿಗೆ ಹಾಲು ಬೇಕಾಗುತ್ತದೆ. ಆಗ ಅಪರಿಚಿತರ ಬಾಗಿಲಿಗೆ ಹೋಗಲೇಬೇಕು. ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸು ‘ಬರ್ರಿ ಅಕ್ಕಾರ, ನೆರಳಿಗಿ ಕೂಡ್ರಿ’ ಎನ್ನುತ್ತಾಳೆ. ಯಾವೂರು, ಮಕ್ಕಳೆಷ್ಟು ಎಂಬ ವಿಚಾರಣೆ ಮುಗಿಯುವಷ್ಟರಲ್ಲಿ ಅವಳ ಬುತ್ತಿಯ ಶೇಂಗಾ ಹಿಂಡಿ ಇವರ ತಟ್ಟೆಗೆ, ಇವರ ಅನ್ನ ಅವಳ ತಟ್ಟೆಗೆ ಬಂದಿರುತ್ತದೆ. ತೆಲಂಗಾಣದ ಗಡಿಯ ಈ ಸೀಮೆಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ನಡೆಯುವುದರಿಂದ ಮಾತಿಗೆ ಬಡತನವಿಲ್ಲ.

ದಾರಿಹೋಕರನ್ನು ಉಪಚರಿಸುವ ಈ ರೂಢಿ ಬಹಳ ಹಳೆಯದು. 14ನೇ ಶತಮಾನದಲ್ಲಿ ನಮ್ಮ ಕರಾವಳಿಯಲ್ಲಿ ಸಂಚರಿಸಿದ ಇಬ್ನ್ ಬತೂತ, ಮಲಬಾರಿನ ದಾರಿಯುದ್ದಕ್ಕೂ ಅರ್ಧ ಮೈಲಿಗೊಂದರಂತೆ ಮರದ ಚಾವಡಿಗಳಿದ್ದುದನ್ನು ದಾಖಲಿಸಿದ್ದಾರೆ. ಯಾವ ಮತದವರೂ ಅಲ್ಲಿ ಕುಳಿತು ದಣಿವಾರಿಸಿಕೊಳ್ಳಬಹುದಿತ್ತು. ಪಕ್ಕದಲ್ಲಿ ಬಾವಿ, ನೀರು ಕೊಡಲು ಒಬ್ಬ ವ್ಯಕ್ತಿ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದುದನ್ನೂ ಅವರು ಬರೆದಿದ್ದಾರೆ. ಅಪರಿಚಿತನಿಗೆ ಊರಿನ ಬಾಗಿಲು ತೆರೆದಿದ್ದರಿಂದ ಊರಿನ ಒಳ್ಳೆಯತನವೂ ದಾಖಲೆಯಾಗಿ ಉಳಿಯಿತು.

ಪವಿತ್ರ ಕುರ್‌ಆನ್ ಪ್ರಯಾಣಿಕನನ್ನು ‘ಇಬ್ನುಸ್ಸಬೀಲ್’, ಅಂದರೆ ದಾರಿಯ ಮಗ ಎಂದು ಕರೆಯುತ್ತದೆ. ಝಕಾತ್‌ನ ಹಕ್ಕುದಾರರಾದ ಎಂಟು ವರ್ಗಗಳಲ್ಲಿ ಅವನೂ ಒಬ್ಬ. ಊರಿನಲ್ಲಿ ಎಷ್ಟೇ ಅನುಕೂಲವಿದ್ದರೂ ದಾರಿಯಲ್ಲಿ ಮನುಷ್ಯ ನಿರ್ಗತಿಕನಾಗಬಲ್ಲನೆಂಬ ಅರಿವು ಇದರ ಹಿಂದಿದೆ.

ಗುರುಮಠಕಲ್ ಕಡೆಯಿಂದ ಇನ್ನೊಂದು ಬಗೆಯ ಮನೆಯೂ ಗಾಲಿ ಏರುತ್ತದೆ. ಅದು ಗುಳೆ. ಮಳೆ ಕೈಕೊಟ್ಟು ಕೂಲಿ ಇಲ್ಲದಾದಾಗ ಕೊಡ, ಹಾಸಿಗೆ ಗಂಟು, ಜೋಳದ ಹಿಟ್ಟು, ಕೂಸುಗಳೊಂದಿಗೆ ಕುಟುಂಬಗಳು ಬೆಂಗಳೂರು, ಹೈದರಾಬಾದ್, ಮುಂಬಯಿಗೆ ಹೊರಡುತ್ತವೆ. 2020ರ ಮಾರ್ಚ್ 25ರಂದು ದೇಶವೇ ಸ್ತಬ್ಧವಾದಾಗ ಇಂತಹ ಎಷ್ಟೋ ಜನ ನಡೆದೇ ಊರಿಗೆ ಹೊರಟರು. ಆಗ ಅವರಿಗೆ ಅನ್ನ ನೀರು ಕೊಟ್ಟವರಲ್ಲಿ ಹೆಚ್ಚಿನವರು ಹೆಸರೂ ಗೊತ್ತಿಲ್ಲದ ರಸ್ತೆ ಬದಿಯ ಜನ. ಕಾರಿನಲ್ಲಿ ಬಂದವರು ವಿಳಾಸ ಕೇಳಿದರೆ ನಗುತ್ತಾ ಹೇಳುವ ನಾವು, ಗಂಟುಮೂಟೆಯೊಂದಿಗೆ ಇಳಿದ ಇವರನ್ನು ಕಂಡಾಗ ಗೇಟು ಹಾಕಿಕೊಳ್ಳುವುದು ನ್ಯಾಯವೇ?

ಹಾಗೆಂದು ಎಚ್ಚರ ಬಿಡಬೇಕಿಲ್ಲ. ಪ್ರಯಾಣಿಸುವ ಸಹೋದರಿಯರು ಕತ್ತಲಾಗುವ ಮುನ್ನ ಜನವಸತಿ ಇರುವಲ್ಲಿ ತಂಗಬೇಕು. ವಾಹನದ ನಂಬರು ಮನೆಯವರಿಗೆ ತಿಳಿದಿರಲಿ. ಆಪತ್ತಿನಲ್ಲಿ 112ಕ್ಕೆ ಕರೆ ಮಾಡಬಹುದು. ಒಲೆ ಹಚ್ಚುವುದು ಗಾಡಿಯಿಂದ ಇಳಿದ ಮೇಲೆಯೇ ಆಗಲಿ, ಹೊರಡುವಾಗ ಸಿಲಿಂಡರ್‌ನ ರೆಗ್ಯುಲೇಟರ್ ಮುಚ್ಚಿರಲಿ.

ದಾರಿಯಲ್ಲಿ ಹೆಣ್ಣುಮಕ್ಕಳಿಗೆ ಅನ್ನಕ್ಕಿಂತ ಮೊದಲು ಕಾಡುವ ಕಷ್ಟ ಶೌಚಾಲಯದ್ದು. ಸಂಕೋಚದಿಂದ ನೀರು ಕುಡಿಯದೆ ದಿನವಿಡೀ ಪ್ರಯಾಣಿಸುವವರು ಎಷ್ಟು ಮಂದಿ! ಈ ಕಷ್ಟವನ್ನು ಅವಳು ಗಂಡಸರಲ್ಲಿ ಹೇಳಲಾರಳು. ಅರ್ಥವಾಗುವುದು ಮನೆಯೊಳಗಿರುವ ಹೆಣ್ಣಿಗೆ ಮಾತ್ರ. ರಸ್ತೆ ಬದಿಯಲ್ಲಿ ಮನೆಯಿರುವ ಸಹೋದರಿಯೇ, ಮಗುವನ್ನೆತ್ತಿಕೊಂಡು ಹೊಸಿಲಲ್ಲಿ ಹಿಂಜರಿದು ನಿಂತವಳನ್ನು ಕಂಡರೆ ಅವಳು ಕೇಳುವವರೆಗೆ ಕಾಯಬೇಡಿ. ಒಂದು ಚೊಂಬು ನೀರು ಕೊಟ್ಟು ಹಿತ್ತಲಿನ ಬಾಗಿಲು ತೋರಿಸಿ.